ಆನ್ ರೋಡ್ 9,25,100: ಭಾವನ ಕಾರಿನ ಕೊಟೇಷನ್ ಬಿಚ್ಚಿ ನೋಡಿದಾಗ

2025ರ ಡಿಸೆಂಬರ್ 27, ಶನಿವಾರ ರಾತ್ರಿ ಭಾವ ಫೋನ್ ಮಾಡಿದರು. "31ರ ಒಳಗೆ ಬುಕ್ ಮಾಡಿದ್ರೆ ಮಾತ್ರ ಈ ರೇಟಂತೆ. ಜನವರಿ 1ಕ್ಕೆ ಏರುತ್ತಂತೆ. ನಾಳೆ ಬಂದು ಒಂದ್ಸಲ ನೋಡ್ತೀಯಾ?" ಅಂದರು. ವಾಟ್ಸಾಪ್‌ನಲ್ಲಿ ಒಂದು ಕಾಗದದ ಫೋಟೋ ಬಂತು. ಕೆಳಗೆ ಪೆನ್ನಿನಲ್ಲಿ ಎರಡು ಗೆರೆ ಎಳೆದು ಬರೆದಿತ್ತು: ಆನ್ ರೋಡ್ 9,25,100.

ಭಾವ ದಾವಣಗೆರೆಯಲ್ಲಿ ಹೈಸ್ಕೂಲ್ ಮೇಷ್ಟ್ರು. 2014ರಲ್ಲಿ ತಗೊಂಡ ಕಾರು ಹನ್ನೊಂದು ವರ್ಷ ಓಡಿತ್ತು. ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದ ಮೇಲೆ ಅಕ್ಕ ಬಿಡಲಿಲ್ಲ. ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರು ಸಾಕು ಅಂತ ಮನೆಯಲ್ಲಿ ತೀರ್ಮಾನ ಆಗಿತ್ತು. ಯಾವ ಕಾರು ಅನ್ನೋದನ್ನೂ ಅವರೇ ಆರಿಸಿದ್ದರು. ಅತ್ತೆಯವರಿಗೆ ಮಂಡಿ ನೋವು. ಅವರನ್ನೇ ಶೋರೂಂಗೆ ಕರೆದುಕೊಂಡು ಹೋಗಿ, ಮೂರು ಕಾರಿನಲ್ಲಿ ಹತ್ತಿಸಿ ಇಳಿಸಿ ನೋಡಿದ್ದರು. ಆರು ಏರ್‌ಬ್ಯಾಗ್ ಇದೆಯಾ, ಕಾರನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಎಷ್ಟು ಸ್ಟಾರ್ ಬಂದಿದೆ ಅಂತಲೂ ವಿಚಾರಿಸಿದ್ದರು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ತೊಂದರೆ ಇದ್ದದ್ದು ಆ ಒಂದು ಹಾಳೆಯಲ್ಲಿ.

ನನಗೆ ಕೆಲಸದಲ್ಲಿ ದಿನವಿಡೀ ಬಿಲ್ಲು ನೋಡೋ ಅಭ್ಯಾಸ. ಹಾಗಾಗಿ ಡಿಸ್ಕೌಂಟ್ ಎಷ್ಟು ಅನ್ನೋದಕ್ಕಿಂತ ಮೊದಲು ಮೇಲಿನ ಸಾಲುಗಳನ್ನು ನೋಡಿದೆ. ಎಕ್ಸ್ ಶೋರೂಂ, ಅಂದರೆ ಜಿಎಸ್‌ಟಿ ಸೇರಿ ಬರೀ ಕಾರಿನ ಬೆಲೆ, 7,20,000. ಆರ್‌ಟಿಒ 1,24,500. ಇನ್ಶೂರೆನ್ಸ್ 46,800. ಎಸೆನ್ಷಿಯಲ್ ಕಿಟ್ 18,500. ಹ್ಯಾಂಡ್ಲಿಂಗ್ 7,500. ಎಕ್ಸ್‌ಟೆಂಡೆಡ್ ವಾರಂಟಿ 13,200. ಅಂಡರ್‌ಬಾಡಿ ಕೋಟಿಂಗ್, ಅಂದರೆ ಗಾಡಿಯ ಅಡಿಗೆ ಬಳಿಯೋ ಲೇಪ, 9,000. ಫಾಸ್ಟ್ಯಾಗ್ 600. ಎಲ್ಲ ಕೂಡಿಸಿ ಅದರಲ್ಲಿ 15,000 ಕಳೆದಿದ್ದರು. ಭಾವನ ಕಣ್ಣು ಆ 15,000ದ ಮೇಲೇ ಇತ್ತು. "ಇನ್ನೊಂದು ಐದು ಸಾವಿರ ಬಿಡಿಸೋಕೆ ಆಗುತ್ತಾ ನೋಡು" ಅನ್ನೋದು ಅವರ ಕೋರಿಕೆ.

ಇಲ್ಲೇ ನಮ್ಮಲ್ಲಿ ತುಂಬ ಜನ ಎಡವುತ್ತಾರೆ. ಆನ್ ರೋಡ್ ಅನ್ನೋದನ್ನು ಒಂದೇ ಬೆಲೆ ಅಂದುಕೊಳ್ಳುತ್ತೇವೆ. ಅದು ಒಂದು ಬೆಲೆಯಲ್ಲ, ಏಳೆಂಟು ಬೆಲೆಗಳ ಗಂಟು. ಕೆಲವು ಸರ್ಕಾರದ್ದು, ಅದರಲ್ಲಿ ಒಂದು ರೂಪಾಯಿ ಬಿಡಿಸೋಕೆ ಆಗಲ್ಲ, ಜಾಸ್ತಿ ಕೊಡಬೇಕಾಗಿಯೂ ಇಲ್ಲ. ಕೆಲವು ಬೇಕಾದರೆ ಮಾತ್ರ ತಗೊಳ್ಳೋದು. ಒಂದೆರಡಕ್ಕೆ ಆಧಾರವೇ ಇಲ್ಲ.

ಮೊದಲು ಆರ್‌ಟಿಒ ಸಾಲು. ಜನ ಸರ್ಕಾರದ ದುಡ್ಡಲ್ವಾ ಅಂತ ಇದನ್ನು ಕೇಳೋದೇ ಇಲ್ಲ. ಆಗ ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ. 14. ಆ ತೆರಿಗೆಯ ಮೇಲೆ ಶೇ. 11 ಸೆಸ್. ಎರಡೂ ಸೇರಿ ಕಾರಿನ ಬೆಲೆಯ ಶೇ. 15.54. ಅಂದರೆ 7,20,000ಕ್ಕೆ 1,11,888 ರೂಪಾಯಿ. ಸಾರಿಗೆ ಕಾರ್ಮಿಕರ ನಿಧಿಗೆ ಅಂತ ಕಾರಿಗೆ 1,000. ನೋಂದಣಿ ಶುಲ್ಕ 600, ಸಾಲ ಇದ್ದರೆ ಅದನ್ನು ಆರ್‌ಸಿಯಲ್ಲಿ ನಮೂದಿಸೋಕೆ 1,500, ಸ್ಮಾರ್ಟ್ ಕಾರ್ಡ್‌ಗೆ 200. ಒಟ್ಟು 1,15,188. ಕಾಗದದಲ್ಲಿ ಇದ್ದದ್ದು 1,24,500. ನಡುವಿನ 9,312 ರೂಪಾಯಿ ಯಾರದು?

ಭಾನುವಾರ ಬೆಳಿಗ್ಗೆ ಶೋರೂಂಗೆ ಹೋದೆವು. ಸೇಲ್ಸ್ ಹುಡುಗ ಒಳ್ಳೆಯವನು. ಟೀ ತರಿಸಿದ. ನಾನು ಅವನ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ, ಆ ಕೊಟೇಷನ್ನಿನ ನಮೂನೆ ಅವನು ಮಾಡಿದ್ದಲ್ಲ. "ಆರ್‌ಟಿಒ ಸಾಲಿಗೆ ರಶೀದಿ ಕೊಡ್ತೀರಲ್ಲ?" ಅಂತ ಕೇಳಿದೆ. "ಕೊಡ್ತೀವಿ ಸರ್." "ಹಾಗಾದ್ರೆ ರಶೀದಿಯಲ್ಲಿ ಎಷ್ಟು ಇರುತ್ತೋ ಅಷ್ಟೇ ಕೊಡ್ತೀವಿ." ಅವನು ಮ್ಯಾನೇಜರ್ ಮುಖ ನೋಡಿದ. ಅವರು ಬಂದು, "ಅದು ಏಜೆಂಟ್ ಖರ್ಚು, ಓಡಾಟ ಸರ್" ಅಂದರು. ಓಡಾಟ ಎಲ್ಲಿದೆ? ಅರ್ಜಿ, ತೆರಿಗೆ ಎಲ್ಲ ಶೋರೂಂನಿಂದಲೇ ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ಹೋಗುತ್ತದೆ. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯ ಪ್ರಕಾರ, ಅಧಿಕೃತ ಡೀಲರ್ ಮಾರಿದ ಹೊಸ ಗಾಡಿಯನ್ನು ಮೊದಲ ನೋಂದಣಿಗೆ ಆರ್‌ಟಿಒ ಮುಂದೆ ನಿಲ್ಲಿಸಬೇಕಾಗಿಯೂ ಇಲ್ಲ. ಇದನ್ನೇ ಮೆತ್ತಗೆ ಹೇಳಿದೆ. ಆ ಸಾಲು 1,15,188ಕ್ಕೆ ಇಳಿಯಿತು.

ಹ್ಯಾಂಡ್ಲಿಂಗ್ ಸಾಲಿನ ವಿಷಯ ಇನ್ನೂ ಬೇಗ ಮುಗಿಯಿತು. ಕಾರನ್ನು ಫ್ಯಾಕ್ಟರಿಯಿಂದ ತಂದು, ತೊಳೆದು, ನಮಗೆ ಒಪ್ಪಿಸೋದು ಡೀಲರ್ ಕೆಲಸ. ಅದಕ್ಕೇ ಎಕ್ಸ್ ಶೋರೂಂ ಬೆಲೆಯೊಳಗೆ ಅವರ ಮಾರ್ಜಿನ್ ಇರೋದು. ಭಾವ ಮೇಷ್ಟ್ರ ದನಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: "ಈ 7,500ಕ್ಕೆ ಹ್ಯಾಂಡ್ಲಿಂಗ್ ಅಂತ ಬರೆದು ಜಿಎಸ್‌ಟಿ ನಂಬರ್ ಇರೋ ಬಿಲ್ ಕೊಡ್ತೀರಾ?" ಮ್ಯಾನೇಜರ್ ಪೆನ್ ತಗೊಂಡು ಆ ಸಾಲನ್ನು ಹೊಡೆದು ಹಾಕಿದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ನನ್ನ ನೆನಪಿನಲ್ಲಿತ್ತು. ಬಾಯಿಗೆ ತರುವ ಅಗತ್ಯ ಬೀಳಲಿಲ್ಲ.

ಇನ್ಶೂರೆನ್ಸ್‌ಗೆ ಬಂದರೆ ಸ್ವಲ್ಪ ನಿಧಾನ ಮಾಡಬೇಕು. ಅತಿ ಹೆಚ್ಚು ದುಡ್ಡು ಸೋರೋದು ಇಲ್ಲೇ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 2018ರ ಸೆಪ್ಟೆಂಬರ್‌ನಿಂದ ಹೀಗಿದೆ. ಅದರ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. 1000ದಿಂದ 1500 ಸಿಸಿಯ ಖಾಸಗಿ ಕಾರಿಗೆ ಆಗ ಮೂರು ವರ್ಷಕ್ಕೆ 10,640, ಜೊತೆಗೆ ಜಿಎಸ್‌ಟಿ. ಇದು ಯಾವ ಕಂಪನಿಯಲ್ಲಿ ತಗೊಂಡರೂ ಒಂದೇ. ವ್ಯತ್ಯಾಸ ಬರೋದು ನಮ್ಮ ಗಾಡಿಗೇ ಆಗುವ ಹಾನಿಯ ಭಾಗದಲ್ಲಿ, ಅಂದರೆ ಓನ್ ಡ್ಯಾಮೇಜ್‌ನಲ್ಲಿ. ಅಲ್ಲಿ ಒಂದೊಂದು ಕಂಪನಿ ಒಂದೊಂದು ರಿಯಾಯಿತಿ ಕೊಡುತ್ತದೆ. ಶೋರೂಂನಲ್ಲೇ ವಿಮೆ ಮಾಡಿಸಬೇಕು ಅಂತ ಯಾವ ನಿಯಮವೂ ಇಲ್ಲ.

ಅಲ್ಲೇ ಕೂತು ಫೋನಿನಲ್ಲಿ ಬೇರೆ ಕಂಪನಿಯ ದರ ತೆಗೆದೆ. ಹೋಲಿಸುವಾಗ ಒಂದು ಎಚ್ಚರ ಬೇಕು. ಎರಡರಲ್ಲೂ ಐಡಿವಿ, ಅಂದರೆ ವಿಮೆಯಲ್ಲಿ ಗಾಡಿಗೆ ಕಟ್ಟುವ ಬೆಲೆ, ಒಂದೇ ಇರಬೇಕು. ಹೊಸ ಕಾರಿಗೆ ಅದು ಎಕ್ಸ್ ಶೋರೂಂ ಬೆಲೆಯ ಶೇ. 95, ನಮ್ಮ ಕಾರಿಗೆ 6,84,000. ಐಡಿವಿ ಇಳಿಸಿದರೆ ಪ್ರೀಮಿಯಂ ಇಳಿಯುತ್ತದೆ. ಆದರೆ ಗಾಡಿ ಕಳುವಾದರೆ ಕೈಗೆ ಬರೋದು ಆ ಇಳಿಸಿದ ಮೊತ್ತವೇ. ಝೀರೋ ಡೆಪ್, ಅಂದರೆ ಬಿಡಿಭಾಗಗಳ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಸೌಲಭ್ಯ, ಎರಡರಲ್ಲೂ ಇರಬೇಕು. ಹೀಗೆ ಸರಿಸಮ ಮಾಡಿ ನೋಡಿದಾಗ ಶೋರೂಂನದ್ದು 46,800, ಹೊರಗಿನದ್ದು 34,200.

ಇನ್ನೊಂದು ಪ್ರಶ್ನೆಯನ್ನು ಶೋರೂಂನವರು ಕೇಳಿಯೇ ಇರಲಿಲ್ಲ. ಹಳೇ ಕಾರಿನ ನೋ ಕ್ಲೇಮ್ ಬೋನಸ್ ಎಷ್ಟಿದೆ? ಭಾವ ಎಂಟು ವರ್ಷದಿಂದ ಒಂದೂ ಕ್ಲೇಮ್ ಮಾಡಿರಲಿಲ್ಲ. ಅಂದರೆ ಓನ್ ಡ್ಯಾಮೇಜ್ ಭಾಗದ ಪ್ರೀಮಿಯಂನಲ್ಲಿ ಪೂರ್ತಿ ಶೇ. 50 ರಿಯಾಯಿತಿ. ಈ ಬೋನಸ್ ಗಾಡಿಯದ್ದಲ್ಲ, ಮಾಲೀಕನದ್ದು. ಹಳೇ ಗಾಡಿ ಮಾರಿ ವಿಮಾ ಕಂಪನಿಯಿಂದ ಎನ್‌ಸಿಬಿ ಪತ್ರ ತಗೊಂಡರೆ ಹೊಸ ಗಾಡಿಗೆ ಬರುತ್ತದೆ. ಭಾವನಿಗೆ ಇದು ಗೊತ್ತೇ ಇರಲಿಲ್ಲ. ಅದನ್ನೂ ಹಾಕಿದಾಗ ಹೊರಗಿನ ದರ 28,500 ಆಯಿತು. ಆಗ ಶೋರೂಂನವರು "ನಾವೇ 30,500ಕ್ಕೆ ಮಾಡಿಕೊಡ್ತೀವಿ, ಕ್ಯಾಶ್‌ಲೆಸ್ ನಮ್ಮ ವರ್ಕ್‌ಶಾಪಲ್ಲೇ ಆಗುತ್ತೆ" ಅಂದರು. ಅವರಲ್ಲೇ ತಗೊಳ್ಳಿ ಅಂತ ನಾನೇ ಹೇಳಿದೆ. ಎರಡು ಸಾವಿರ ಜಾಸ್ತಿ ನಿಜ. ಆದರೆ ನಾಳೆ ಬಂಪರ್ ಒಡೆದಾಗ ಒಂದೇ ಕೌಂಟರ್‌ನಲ್ಲಿ ಕೆಲಸ ಮುಗಿಯುತ್ತದೆ. ಹೊರಗಿನ ವಿಮೆಗೂ ಕ್ಯಾಶ್‌ಲೆಸ್ ಸಿಗುತ್ತದೆ, ಆ ಕಂಪನಿಯ ಪಟ್ಟಿಯಲ್ಲಿ ಆ ವರ್ಕ್‌ಶಾಪ್ ಇರಬೇಕು ಅಷ್ಟೇ.

ಕಿಟ್‌ನಲ್ಲಿ ಏನಿದೆ ಅಂತ ಅಕ್ಕ ಒಂದೊಂದೇ ಓದಿಸಿದಳು. ಸೀಟ್ ಕವರ್, ಸ್ಟಿಯರಿಂಗ್ ಕವರ್, ಡೋರ್ ವೈಸರ್, ಪರ್ಫ್ಯೂಮ್, ಟಿಶ್ಯೂ ಬಾಕ್ಸ್! ಮ್ಯಾಟ್ ಮತ್ತು ಮಡ್ ಫ್ಲಾಪ್ ಸಾಕು ಅಂದಳು, 3,400. ಕೋಟಿಂಗ್ ಬೇಡ ಅಂತ ನಾನು ಹೇಳಿದೆ. ಎಕ್ಸ್‌ಟೆಂಡೆಡ್ ವಾರಂಟಿಯೂ ಈಗಲೇ ಬೇಡ ಅನ್ನೋದು ನನ್ನ ಅಭಿಪ್ರಾಯವಾಗಿತ್ತು. ಅದನ್ನು ಮೂಲ ವಾರಂಟಿ ಮುಗಿಯುವ ಮೊದಲು ಯಾವಾಗ ಬೇಕಾದರೂ ಮಾಡಿಸಬಹುದು, ದರ ಸ್ವಲ್ಪ ಏರಬಹುದು ಅಷ್ಟೇ. ಅಕ್ಕ ಒಪ್ಪಲಿಲ್ಲ. "ಹಳೇ ಗಾಡಿಯ ಎಸಿ ಕಂಪ್ರೆಸರ್‌ಗೆ ಕೊಟ್ಟಿದ್ದು ನೆನಪಿದೆಯಾ?" ಅಂತ ಭಾವನ ಕಡೆ ನೋಡಿದಳು. ಅದು ಉಳಿಯಿತು.

ಸಾಲದ ಮೇಜು ಪಕ್ಕದಲ್ಲೇ ಇತ್ತು. ಬೇಕಾಗಿದ್ದದ್ದು 6 ಲಕ್ಷ, ಐದು ವರ್ಷಕ್ಕೆ. "ಬರೀ ಐದೂವರೆ ಪರ್ಸೆಂಟ್ ಸರ್, ಬ್ಯಾಂಕಲ್ಲಿ ಒಂಬತ್ತು ಹೇಳ್ತಾರೆ" ಅಂತ ಫೈನಾನ್ಸ್‌ನವರು ಹೇಳಿದಾಗ ಭಾವ ನನ್ನ ಕಡೆ ನೋಡಿ ನಕ್ಕರು. ಲಾಭದ ಮಾತು ಸಿಕ್ಕಿತು ಅನ್ನೋ ನಗು. ನಾನು ಕೊಟೇಷನ್ ಹಾಳೆ ತಿರುಗಿಸಿ ಹಿಂದೆ ಬರೆದೆ. ಆ ಐದೂವರೆ ಫ್ಲಾಟ್ ಬಡ್ಡಿ. ಅಂದರೆ ಕಂತು ಕಟ್ಟುತ್ತಾ ಹೋದರೂ ಬಡ್ಡಿ ಮಾತ್ರ ಐದೂ ವರ್ಷ ಪೂರ್ತಿ 6 ಲಕ್ಷದ ಮೇಲೇ. ವರ್ಷಕ್ಕೆ 33,000, ಐದು ವರ್ಷಕ್ಕೆ 1,65,000. ಕಂತು 12,750. ಬ್ಯಾಂಕಿನ ಒಂಬತ್ತು, ಉಳಿದ ಸಾಲದ ಮೇಲಿನ ಬಡ್ಡಿ. ಅಲ್ಲಿ ಕಂತು 12,455, ಒಟ್ಟು ಬಡ್ಡಿ ಸುಮಾರು 1,47,300. ಐದೂವರೆಗಿಂತ ಒಂಬತ್ತೇ ಅಗ್ಗ! ಫ್ಲಾಟ್ ಐದೂವರೆಯನ್ನು ಬ್ಯಾಂಕಿನ ಲೆಕ್ಕಕ್ಕೆ ತಿರುಗಿಸಿದರೆ ಸರಿಸುಮಾರು ಹತ್ತು ಆಗುತ್ತದೆ. ಭಾವ ಗಣಿತದ ಮೇಷ್ಟ್ರು. ಆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು, ಹತ್ತನೇ ಕ್ಲಾಸಿಗೆ ಇದೇ ಲೆಕ್ಕ ಕೊಡ್ತೀನಿ ಅಂದರು.

ಸಾಲ ಕೊಡುವವರು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅನ್ನೋ ಹಾಳೆ ಕೊಡಲೇಬೇಕು. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ಇದನ್ನು ಕಡ್ಡಾಯ ಮಾಡಿದೆ. ಅದರಲ್ಲಿ ಪ್ರೊಸೆಸಿಂಗ್ ಶುಲ್ಕ ಎಲ್ಲ ಸೇರಿಸಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಅಂತ ಎಪಿಆರ್ ಬರೆದಿರುತ್ತಾರೆ. ಎರಡು ಕಡೆಯ ಆ ಒಂದು ಅಂಕಿ ಹೋಲಿಸಿದರೆ ಸಾಕು. ಭಾವ ತಮ್ಮ ಸಂಬಳದ ಖಾತೆ ಇರುವ ಬ್ಯಾಂಕಿನಲ್ಲೇ ಸಾಲ ಮಾಡಿದರು.

ಹಳೇ ಕಾರಿನ ಕಥೆಯೂ ಹೀಗೇ. ಶೋರೂಂನವರು 1,25,000 ಬೆಲೆ ಕಟ್ಟಿ, ಮೇಲೆ 15,000 ಎಕ್ಸ್‌ಚೇಂಜ್ ಬೋನಸ್ ಅಂದಿದ್ದರು. ಭಾವನ ಸ್ಕೂಲಿನ ಸಹೋದ್ಯೋಗಿಯೊಬ್ಬರು 1,60,000 ಕೊಟ್ಟು ತಗೊಂಡರು. ಆದರೆ ಸುಮ್ನೆ ಕೀ ಕೊಟ್ಟು ಕಳಿಸಬೇಡಿ ಅಂತ ನಾನು ಹಟ ಹಿಡಿದೆ. ಫಾರಂ 29, 30 ಸಹಿ ಮಾಡಿ, ಇಬ್ಬರೂ ಸೇರಿ ಹೆಸರು ಬದಲಾವಣೆಗೆ ಅರ್ಜಿ ಹಾಕಿದ ಮೇಲೇ ಗಾಡಿ ಹೋಯಿತು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಹೊಣೆಯೂ ಅವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹತ್ತು ವರ್ಷದ ಗೆಳೆಯ ಆದರೂ ಇದರಲ್ಲಿ ಸಂಕೋಚ ಬೇಡ.

ಇನ್ನು ಗಾಡಿಯನ್ನು ನೋಡಿದ್ದು. ಇದನ್ನು ಬಿಟ್ಟಿದ್ದರೆ ಮೇಲಿನ ಲೆಕ್ಕವೆಲ್ಲ ಇದ್ದೂ ಪ್ರಯೋಜನ ಇರಲಿಲ್ಲ.

"ಗಾಡಿ ರೆಡಿ ಇದೆ ಸರ್, ಪೂರ್ತಿ ಪೇಮೆಂಟ್ ಮಾಡಿ, ಮಂಗಳವಾರ ರಿಜಿಸ್ಟ್ರೇಷನ್, ಬುಧವಾರ ಡೆಲಿವರಿ" ಅಂದರು. ಮೊದಲು ಗಾಡಿ ತೋರಿಸಿ ಅಂದೆವು. "ಡೆಲಿವರಿ ದಿನ ನೋಡ್ತೀರಲ್ಲ ಸರ್?" ಆ ದಿನ ನೋಡಿ ಏನು ಮಾಡೋದು? ಅಷ್ಟರಲ್ಲಿ ಇನ್‌ವಾಯ್ಸ್‌ನಲ್ಲಿ ಚಾಸಿ ನಂಬರ್ ಬಿದ್ದಿರುತ್ತದೆ, ತೆರಿಗೆ ಕಟ್ಟಿರುತ್ತಾರೆ, ಗಾಡಿ ನಮ್ಮ ಹೆಸರಿನಲ್ಲಿರುತ್ತದೆ. ಆಮೇಲೆ ಏನೇ ಕಂಡರೂ "ಪಾಲಿಶ್ ಮಾಡಿಕೊಡ್ತೀವಿ" ಅನ್ನೋದೇ ಉತ್ತರ. ಆರ್‌ಟಿಒ ಇನ್ಸ್‌ಪೆಕ್ಟರ್ ಕೂಡ ಈಗ ಹೊಸ ಗಾಡಿ ನೋಡುವುದಿಲ್ಲ. ಹಾಗಾಗಿ ನೋಂದಣಿಗೆ ಮೊದಲು ನಮ್ಮ ಪರವಾಗಿ ಗಾಡಿ ನೋಡುವವರು ನಾವು ಮಾತ್ರ.

ಊರ ಹೊರಗಿನ ಸ್ಟಾಕ್‌ಯಾರ್ಡ್‌ಗೆ ಕರೆದುಕೊಂಡು ಹೋದರು. ಬಯಲು ಜಾಗ, ಮೇಲೆ ಶೀಟಿಲ್ಲ. ಬೆಳಿಗ್ಗೆ ಹನ್ನೊಂದರ ಬಿಸಿಲು. ನಮ್ಮ ಬಿಳಿ ಕಾರು ಸಾಲಿನ ಕೊನೆಯಲ್ಲಿತ್ತು. ಮೇಲೆ ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು. ನಾನು ಮಂಡಿಯೂರಿ ಟೈರಿನ ಪಕ್ಕದ ಅಕ್ಷರಗಳನ್ನು ಕರ್ಚೀಫಿನಿಂದ ಒರೆಸಿದೆ. ಉದ್ದದ ಕೋಡಿನ ಕೊನೆಯಲ್ಲಿ ನಾಲ್ಕು ಅಂಕಿ: 0825. 2025ರ ಎಂಟನೇ ವಾರ. ಅಂದರೆ ಟೈರು ಫೆಬ್ರವರಿಯದ್ದು. ಟೈರು ಫೆಬ್ರವರಿಯದ್ದಾದರೆ ಗಾಡಿ? ಬಾಗಿಲು ತೆಗೆದು ಕಂಬದ ಮೇಲಿನ ಪ್ಲೇಟ್ ನೋಡಿದೆವು. ಮಾರ್ಚ್ 2025. ಒಂಬತ್ತು ತಿಂಗಳ ಬಿಸಿಲು, ಒಂದು ಪೂರ್ತಿ ಮಳೆಗಾಲ ಕಂಡ ಗಾಡಿ. ಮೀಟರ್‌ನಲ್ಲಿ 96 ಕಿಲೋಮೀಟರ್. ವೈಪರ್ ರಬ್ಬರ್ ಉಗುರಿಗೆ ಗಟ್ಟಿಯಾಗಿ ಸಿಗುತ್ತಿತ್ತು. ಅಕ್ಕ ಹಿಂದಿನ ಬಂಪರ್ ಹತ್ತಿರ ಕೂತು, "ಇಲ್ಲಿ ಬಿಳಿ ಬೇರೆ ಥರ ಇದೆ ಅಲ್ವಾ?" ಅಂದಳು. ಶೋರೂಂನ ದೀಪದಡಿ ಕಾಣುತ್ತಿರಲಿಲ್ಲ. ಬಿಸಿಲಿನಲ್ಲಿ ಎಡಗಡೆಯ ಒಂದು ಗೇಣು ಜಾಗ ಹಾಲಿನ ಬಿಳಿ, ಉಳಿದದ್ದು ಸ್ವಲ್ಪ ಹಳದಿ ಬಿಳಿ. ಯಾರೋ ಎಲ್ಲೋ ತಾಗಿಸಿ ಬಣ್ಣ ಹೊಡೆಸಿದ್ದರು.

ಭಾವನಿಗೆ ಬೇಸರವಾಯಿತು. ಬುಕಿಂಗ್‌ಗೆ 10,000 ಕೊಟ್ಟಾಗಿತ್ತು. ಸದ್ಯ, ಅದು ಸಂಸ್ಥೆಯ ಖಾತೆಗೇ ಹೋಗಿತ್ತು, ರಶೀದಿ ಇತ್ತು. ಈ ಗಾಡಿ ಬೇಡ, ಬೇರೆ ಕೊಡಿ, ಇಲ್ಲದಿದ್ದರೆ ಹಣ ವಾಪಸ್ ಕೊಡಿ ಅಂದೆವು. ಶಿವಮೊಗ್ಗದ ಇನ್ನೊಂದು ಶೋರೂಂನಿಂದ ತರಿಸಿದ ಕೊಟೇಷನ್ ಕೂಡ ಮೇಜಿನ ಮೇಲಿಟ್ಟೆವು. ಗಂಟೆಯೊಳಗೆ ದಾರಿ ಸಿಕ್ಕಿತು. ಜನವರಿ ಎರಡನೇ ವಾರ ಹೊಸ ಲೋಡ್ ಬರುತ್ತದೆ, ನವೆಂಬರ್‌ನಲ್ಲಿ ತಯಾರಾದ ಗಾಡಿ ಅಂದರು. ಅದನ್ನು ಬುಕಿಂಗ್ ಫಾರಂ ಮೇಲೆ ಬರೆಸಿಕೊಂಡೆವು: ಬಣ್ಣ, ವೇರಿಯಂಟ್, ಅಕ್ಟೋಬರ್ 2025ರ ನಂತರದ ತಯಾರಿಕೆ, ನೋಂದಣಿಗೆ ಮೊದಲು ಪರಿಶೀಲನೆ. ಮ್ಯಾನೇಜರ್ ಸಹಿ, ಸೀಲು.

31ನೇ ತಾರೀಖು ಕಳೆಯಿತು. ಆ ಮಾಡೆಲ್‌ಗೆ ಬೆಲೆ ಏರಲಿಲ್ಲ. ಡಿಸ್ಕೌಂಟ್ 15,000ದಿಂದ 22,000ಕ್ಕೆ ಏರಿತು. ಕಾರಣ ಸರಳ. ಜನವರಿ ಬಂದ ತಕ್ಷಣ 2025ರ ಗಾಡಿ ಹಿಂದಿನ ವರ್ಷದ್ದಾಗುತ್ತದೆ, ಡೀಲರ್‌ಗೆ ಖಾಲಿ ಮಾಡುವ ಆತುರ. ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಎರಡೂ ಇರುತ್ತವೆ. ಹಾಗಾಗಿ ಮೂರು ವರ್ಷಕ್ಕೆ ಮಾರುವವರಿಗೆ ಇದು ನಷ್ಟ. ಭಾವ ಹತ್ತು ವರ್ಷ ಇಟ್ಟುಕೊಳ್ಳುವವರು, ಅವರಿಗೆ ಆ 7,000ವೇ ಲಾಭ.

ಎರಡನೇ ಗಾಡಿ ನೋಡೋಕೆ ಅಕ್ಕ ಒಬ್ಬಳೇ ಹೋಗಿದ್ದಳು, ನಾನು ವಿಡಿಯೋ ಕಾಲ್‌ನಲ್ಲಿದ್ದೆ. ಟೈರು 4425. ಮೀಟರ್‌ನಲ್ಲಿ 14. ಎಲ್ಲ ಗಾಜಿನ ಮೇಲೂ ಒಂದೇ ಕಂಪನಿಯ ಮುದ್ರೆ. ಮ್ಯಾಟ್ ಎತ್ತಿ ತೇವ ಇದೆಯಾ ಅಂತ ಕೈಯಿಟ್ಟು ನೋಡಿದಳು. ಸ್ಟೆಪ್ನಿ, ಜಾಕ್, ಎರಡು ಕೀ. ಆ ಚಾಸಿ ನಂಬರ್‌ನ ಫೋಟೋ ತೆಗೆದು ಕಳಿಸಿದ ಮೇಲೆ ಬ್ಯಾಂಕಿನಿಂದ ಹಣ ಹೋಯಿತು. ಕೊನೆಗೆ ಕೊಟ್ಟದ್ದು 8,60,888. ಮೊದಲ ಕಾಗದಕ್ಕಿಂತ 64,212 ಕಡಿಮೆ. ಅದರಲ್ಲಿ ಡಿಸ್ಕೌಂಟಿನಿಂದ ಬಂದದ್ದು ಬರೀ 7,000. ಉಳಿದ 57,212 ಸಾಲು ಸಾಲಾಗಿ ಕೇಳಿದ್ದರಿಂದ ಉಳಿದದ್ದು.

ಸಂಕ್ರಾಂತಿ ಕಳೆದ ಮೇಲೆ ಡೆಲಿವರಿ. ಕೆಎ-17 ನಂಬರ್ ಪ್ಲೇಟ್ ಹಾಕಿಯೇ ಗಾಡಿ ನಿಲ್ಲಿಸಿದ್ದರು. ಹಾಗೇ ಇರಬೇಕು, ನಂಬರ್ ಇಲ್ಲದೆ ಹೊಸ ಗಾಡಿಯನ್ನು ಹೊರಗೆ ಬಿಡುವಂತಿಲ್ಲ. ರಿಬ್ಬನ್ ಕಟ್ಟಿದ್ದರು, ಕೇಕ್ ತಂದಿದ್ದರು. ಫೋಟೋಗೆ ನಿಲ್ಲುವ ಮೊದಲು ಕಾಗದ ನೋಡೋಣ ಅಂತ ಭಾವ ಕೂತರು. ಇನ್‌ವಾಯ್ಸ್, ಫಾರಂ 21 (ಮಾರಾಟದ ಪತ್ರ), ಫಾರಂ 22 (ಗಾಡಿ ರಸ್ತೆಗೆ ಯೋಗ್ಯ ಅನ್ನೋ ಪತ್ರ), ತೆರಿಗೆ ರಶೀದಿ, ವಿಮಾ ಪಾಲಿಸಿ. ಎಲ್ಲದರಲ್ಲೂ ಚಾಸಿ ನಂಬರ್‌ನ ಕೊನೆಯ ಐದು ಅಂಕಿಯನ್ನು ಬೆರಳಿಟ್ಟು ಓದಿದರು. ಕೊನೆಯ ಕಾಗದ ಎಕ್ಸ್‌ಟೆಂಡೆಡ್ ವಾರಂಟಿಯದ್ದು. ಅಲ್ಲಿ ಬೆರಳು ನಿಂತಿತು. ಅದರಲ್ಲಿದ್ದದ್ದು ಮೊದಲ ಗಾಡಿಯ ನಂಬರ್, ಆ ಬಣ್ಣ ಹೊಡೆಸಿದ ಬಂಪರಿನದ್ದು.

"ನಾಳೆ ಸರಿ ಮಾಡಿ ವಾಟ್ಸಾಪ್ ಮಾಡ್ತೀವಿ ಸರ್" ಅಂದರು. "ಪರವಾಗಿಲ್ಲ, ಕಾಯ್ತೀವಿ" ಅಂದರು ಭಾವ. ಎರಡು ಗಂಟೆ ಕಾದೆವು. ಅತ್ತೆಯವರು ಸೋಫಾದ ಮೇಲೆ ನಿಂಬೆಹಣ್ಣಿನ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹೊಸ ಕಾಗದ ಬಂದ ಮೇಲೆ ಭಾವ ಐದು ಅಂಕಿಯನ್ನು ಗಟ್ಟಿಯಾಗಿ ಓದಿದರು. ನಾನು ಗಾಡಿಯ ಪ್ಲೇಟ್ ನೋಡಿ ಹೌದು ಅಂದೆ. ಅಕ್ಕ ಎದ್ದು ಹೋಗಿ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಳು.